ಮಾವನ ಎಂಜಿಯೋ, ಹೊಸ ಸ್ವಿಫ್ಟೋ?

ಪ್ರಶ್ನೆ: ನಮ್ಮೂರು ಗದಗ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೇನೆ. ಮನೆ ಬಾವಧನದಲ್ಲಿ, ಕೆಲಸ ಹಿಂಜವಡಿಯಲ್ಲಿ. ಮುಂಬೈಯ ವಡಾಲಾದಲ್ಲಿರುವ ನನ್ನ ಸೋದರಮಾವನ ಹತ್ತಿರ 1966ರ ಎಂಜಿಬಿ ಇದೆ, ಎಂಜಿ ಕಂಪನಿಯ ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮಡಚುವ ಛಾವಣಿ, ಕೆಂಪು ಬಣ್ಣ. ದೇಶ ಬಿಟ್ಟು ಹೊರಟಿದ್ದ ವಿದೇಶಿ ಎಂಜಿನಿಯರ್ ಒಬ್ಬರಿಂದ ಎಪ್ಪತ್ತರ ದಶಕದಲ್ಲಿ ಕೊಂಡದ್ದು. ಬೇಸಿಗೆ ರಜೆಗೆ ಹೋದಾಗ ಅದರ ಬಾನೆಟ್ ಒರೆಸುವ ಕೆಲಸ ನನ್ನದೇ ಆಗಿತ್ತು. ಮಾವನಿಗೆ ಈಗ 78. ‘ನೀ ಒಯ್ಯತೀಯೋ, ಇಲ್ಲಾ ಮಾರಲೋ?’ ಅಂತ ಕೇಳುತ್ತಿದ್ದಾರೆ. ಹನ್ನೊಂದು ವರ್ಷದಿಂದ ಬಿಲ್ಡಿಂಗಿನ ಕೆಳಗೆ ಹೊದಿಕೆ ಹೊದ್ದು ನಿಂತಿದೆ. 2005ರ ಮಳೆಯಲ್ಲಿ ಸೀಟಿನ ತನಕ ನೀರು ಬಂದಿತ್ತಂತೆ, ಆದರೆ ಆಮೇಲೂ ಚೆನ್ನಾಗಿಯೇ ಓಡಿದೆ. ನಮ್ಮ ಮನೆಯಲ್ಲಿ ಈಗ ಕಾರಿಲ್ಲ. ಮಗಳಿಗೆ ಆರು ವರ್ಷ, ಹೆಂಡತಿ ಸ್ವಿಫ್ಟ್ ತಗೊಳ್ಳೋಣ ಅನ್ನುತ್ತಾಳೆ. ಕೈಯಲ್ಲಿ ಒಂಬತ್ತು ಲಕ್ಷ ಇದೆ, ಸೊಸೈಟಿಯಲ್ಲಿ ಒಂದೇ ಪಾರ್ಕಿಂಗ್ ಇದೆ. ಮಾವ ಹೇಳುವುದು: ಹಳೇ ಕಬ್ಬಿಣ ಗಟ್ಟಿ, ಈಗಿನವು ಬಿಸ್ಕಿಟ್ ಡಬ್ಬಿ, ಎಂಜಿನ್ ಸರಳ, ಯಾರು ಬೇಕಾದರೂ ರಿಪೇರಿ ಮಾಡ್ತಾರೆ, ಹೊಸ ಬ್ಯಾಟರಿ ಹಾಕಿದರೆ ಸೆಲ್ಫ್ ಒಂದೇ ಸಲ ಹೊಡೆದರೆ ಸ್ಟಾರ್ಟ್, ಬೆಲೆ ಬಂಗಾರದ ಹಾಗೆ ಏರುತ್ತದೆ. ಗೆಳೆಯರು ಹೇಳುವುದು: 15 ವರ್ಷ ದಾಟಿದ ಗಾಡಿಯನ್ನು ಸರ್ಕಾರ ಗುಜರಿಗೆ ಹಾಕುತ್ತದೆ, ಮುಟ್ಟಬೇಡ. ದಿನಾ ಆಫೀಸಿಗೆ, ಆಗಾಗ ಊರಿಗೆ ಇದನ್ನೇ ಓಡಿಸಬಹುದೇ? ಎರಡರಲ್ಲಿ ಯಾವುದು ಒಳ್ಳೆಯ ಕಾರು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಬಾನೆಟ್ ಒರೆಸಿದ ಮಾತಿನ ಮೇಲಲ್ಲ, ಸೀಟಿನ ತನಕ ನೀರು ಬಂದಿತ್ತು ಅನ್ನುವ ಮಾತಿನ ಮೇಲೆ. ನೀವು ಅದನ್ನು ಬರೆದು ಸಲೀಸಾಗಿ ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಿಮ್ಮ ಇಡೀ ಪ್ರಶ್ನೆ ತೀರ್ಮಾನವಾಗುವುದು ಅಲ್ಲೇ. ಆದರೆ ಮೊದಲೇ ಅದನ್ನು ಹಿಡಿದು ಕೂತರೆ ಉಳಿದದ್ದನ್ನು ನೀವು ಓದಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ತಡೆದು ಬರುತ್ತೇನೆ.

ನಿಮಗೆ ಕಾಡುತ್ತಿರುವುದು ಯಾವ ಕಾರು ಒಳ್ಳೆಯದು ಎನ್ನುವುದಲ್ಲ ಅಂತ ನನಗನ್ನಿಸುತ್ತದೆ. ಬೇಡ ಅಂದರೆ ಮಾವನಿಗೆ ನೋವು, ಹೂಂ ಅಂದರೆ ಮನೆಯಲ್ಲಿ ಮಾತು. ನಡುವೆ ಒಂದೇ ಪಾರ್ಕಿಂಗ್. ಭೋಸರಿಯ ನನ್ನ ಶೆಡ್ಡಿಗೆ ಇಂಥ ಸಂಕಟ ಹೊತ್ತು ಬರುವವರು ವರ್ಷಕ್ಕೆ ಮೂರ್ನಾಲ್ಕು ಜನ ಇದ್ದೇ ಇರುತ್ತಾರೆ. ಅಜ್ಜನ ಫಿಯೆಟ್, ಮಾವನ ಹೆರಾಲ್ಡ್, ಅಪ್ಪನ ಜಾವಾ. ಕೆಲವರು ಗಾಡಿ ಉಳಿಸಿಕೊಂಡರು, ಕೆಲವರು ಮಾರಿದರು. ಎರಡೂ ಮಾಡದೆ ಹತ್ತು ವರ್ಷ ಹೊದಿಕೆ ಹಾಕಿ ನಿಲ್ಲಿಸಿದವರೇ ಹೆಚ್ಚು, ಗಾಡಿ ಕೊಂದವರೂ ಅವರೇ.

ಮೊದಲು ಒಂದು ಮೋಜಿನ ಲೆಕ್ಕ. 1966ರ ಎಂಜಿಬಿಯ ಉದ್ದ ಸುಮಾರು 3.89 ಮೀಟರ್, ಈಗಿನ ಸ್ವಿಫ್ಟಿನದು 3.86. ತೂಕ ಎರಡರದ್ದೂ ಹೆಚ್ಚುಕಡಿಮೆ 920 ಕೆಜಿ. ಎಂಜಿಬಿಗೆ ನಾಲ್ಕು ಸಿಲಿಂಡರಿನ 1798 ಸಿಸಿ ಎಂಜಿನ್, 95 ಅಶ್ವಶಕ್ತಿ. 2024ರ ಸ್ವಿಫ್ಟಿಗೆ ಮೂರು ಸಿಲಿಂಡರಿನ 1197 ಸಿಸಿ, ಸುಮಾರು 81 ಅಶ್ವಶಕ್ತಿ. ಇನ್ನೊಂದು ನನಗೆ ಯಾವಾಗಲೂ ನಗು ತರಿಸುತ್ತದೆ: ಎಂಜಿಬಿಯ ಅಗಲ ಎಷ್ಟೋ ಸ್ವಿಫ್ಟಿನ ಎತ್ತರ ಅಷ್ಟೇ, 1.52 ಮೀಟರ್. ಒಂದೇ ತೂಕದ ಲೋಹ. ಅಲ್ಲಿ ನೆಲಕ್ಕೆ ಹಾಸಿದ್ದಾರೆ, ಇಲ್ಲಿ ಎಬ್ಬಿಸಿ ನಿಲ್ಲಿಸಿದ್ದಾರೆ.

ಹಾಗಾಗಿ ಸ್ಪೋರ್ಟ್ಸ್ ಕಾರು ಅಂದರೆ ಬಾಣ, ಹ್ಯಾಚ್‌ಬ್ಯಾಕ್ ಅಂದರೆ ಎತ್ತಿನ ಗಾಡಿ ಅನ್ನುವುದು ಉಳಿಯುವುದಿಲ್ಲ. ನಿಂತಲ್ಲಿಂದ ಗಂಟೆಗೆ ಅರವತ್ತು ಮೈಲಿ ಮುಟ್ಟಲು ಎಂಜಿಬಿ ಹೊಸದಿದ್ದಾಗಲೂ ಸುಮಾರು ಹನ್ನೆರಡು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ವಾಕಡ್ ಸಿಗ್ನಲಿನಲ್ಲಿ ಪಕ್ಕದ ಸ್ವಿಫ್ಟಿನವನು ಮನಸ್ಸು ಮಾಡಿದರೆ ಮಾವನ ಕಾರಿಗೆ ಸರಿಸಾಟಿಯಾಗಿ ಬರುತ್ತಾನೆ, ಅದೂ ಏಸಿ ಹಾಕಿಕೊಂಡು, ಹಿಂದಿನ ಸೀಟಿನಲ್ಲಿ ಅತ್ತೆಯನ್ನು ಕೂರಿಸಿಕೊಂಡು.

ಆದರೂ ಓಡಿಸಿದವರು ಎಂಜಿಬಿಯನ್ನು ಮರೆಯುವುದಿಲ್ಲ, ಅದಕ್ಕೂ ಕಾರಣವಿದೆ. ಹಳೆಯ ಎಂಜಿನ್ ನಿಮಿಷಕ್ಕೆ 3000 ಸುತ್ತಿಗೇ ಸುಮಾರು 149 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಕೊಡುತ್ತದೆ. ಸ್ವಿಫ್ಟ್ ಕೊಡುವುದು 112, ಅದೂ 4300 ಸುತ್ತಿಗೆ ಬಂದಾಗ. ಮೂರನೇ ಗೇರಿನಲ್ಲಿ ಹಾಕಿಬಿಟ್ಟರೆ ಕಾತ್ರಜ್ ಘಾಟಿನ ಅರ್ಧ ಹಾಗೇ ಹತ್ತಿಬಿಡುತ್ತದೆ. ಎಳೆತ ಹಿಂದಿನ ಚಕ್ರಕ್ಕೆ, ನೀವು ಕೂತಿರುವುದೂ ಬಹುತೇಕ ಹಿಂದಿನ ಚಕ್ರದ ಮುಂದೆಯೇ, ನೆಲಕ್ಕೆ ಒಂದು ಗೇಣು ಮೇಲೆ. ತಿರುವಿನಲ್ಲಿ ಕಾರು ಏನು ಮಾಡುತ್ತಿದೆ ಅನ್ನುವುದು ಸೊಂಟಕ್ಕೆ ಗೊತ್ತಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ಅಲ್ಲಿ ನೂರರ ಹಾಗಿರುತ್ತದೆ. ಸ್ವಿಫ್ಟಿನಲ್ಲಿ ನೂರು ದಾಟಿದ್ದು ಎಕ್ಸ್‌ಪ್ರೆಸ್‌ವೇ ಕ್ಯಾಮೆರಾದ ಚಲನ್ ಬಂದಾಗಲೇ ತಿಳಿಯುವುದು.

ಈಗ ಮಾವನ ಕಬ್ಬಿಣದ ಮಾತು. ಎರಡರ ತೂಕವೂ ಒಂದೇ ಅಂದ ಮೇಲೆ ‘ಹಳೇದರಲ್ಲಿ ಕಬ್ಬಿಣ ಜಾಸ್ತಿ’ ಅನ್ನುವುದು ಅಲ್ಲಿಗೇ ಮುಗಿಯಿತು. ಎಂಜಿಬಿಯಲ್ಲಿ ಆ ತೂಕದ ದೊಡ್ಡ ಪಾಲು ಎರಕದ ಕಬ್ಬಿಣದ ಎಂಜಿನ್ನಿನಲ್ಲಿದೆ, ನಿಮ್ಮ ಸುತ್ತ ಅಲ್ಲ. ಇನ್ನು ಗಟ್ಟಿ ಎಂದರೆ ಸುರಕ್ಷಿತ ಎನ್ನುವುದು. ಸ್ಟೀಲ್ ಡಬ್ಬಿಯೊಳಗೆ ಗಾಜಿನ ಬಳೆ ಹಾಕಿ ಮೇಲಿನಿಂದ ಬೀಳಿಸಿ ನೋಡಿ. ಡಬ್ಬಿಗೆ ಒಂದು ಗೀರೂ ಬೀಳುವುದಿಲ್ಲ, ಮುಚ್ಚಳ ತೆಗೆದರೆ ಬಳೆ ಚೂರು. ಕಾರಿನ ಮುಂಭಾಗ ನುಜ್ಜಾಗುತ್ತ ನುಜ್ಜಾಗುತ್ತ ಹೊಡೆತವನ್ನು ಉಣ್ಣಬೇಕು, ಕೂತವರ ಗೂಡು ಮಾತ್ರ ಹಾಗೇ ಉಳಿಯಬೇಕು. ಎಂಜಿಬಿ ಮಾಡಿದವರಿಗೆ ಇದು ತಿಳಿದಿರಲಿಲ್ಲ ಅಂತಲ್ಲ, ಆ ಕಾಲಕ್ಕೆ ಅದರ ಮುಂಭಾಗ ಜಾಣತನದಿಂದಲೇ ಮಾಡಿದ್ದು. ಆದರೆ 1966ರದ್ದರಲ್ಲಿ ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ತಲೆಯ ಹಿಂದೆ ಆಸರೆ ಇಲ್ಲ, ಸ್ಟೀರಿಂಗ್ ಕಂಬಕ್ಕೆ ಹೊಡೆತ ಬಿದ್ದಾಗ ಕುಗ್ಗುವ ಗುಣ ಇಲ್ಲ, ಉರುಳಿದರೆ ತಲೆಯ ಮೇಲೆ ಬಟ್ಟೆ ಬಿಟ್ಟು ಬೇರೇನೂ ಇಲ್ಲ. ಸ್ವಿಫ್ಟಿನ ಅತಿ ಅಗ್ಗದ ಮಾದರಿಗೂ ಆರು ಏರ್‌ಬ್ಯಾಗ್, ಎಬಿಎಸ್, ಜಾರುವ ಕಾರನ್ನು ತಾನೇ ಹಿಡಿದು ನಿಲ್ಲಿಸುವ ಇಎಸ್‌ಪಿ, ಮಕ್ಕಳ ಸೀಟು ಕಚ್ಚಿಸುವ ಐಸೋಫಿಕ್ಸ್ ಕೊಂಡಿ ಬರುತ್ತದೆ. ಮೂರು ಜನರ ಮನೆಗೆ ಎರಡು ಸೀಟಿನ ಕಾರಿನಲ್ಲಿ ಆರು ವರ್ಷದ ಮಗಳು ಎಲ್ಲಿ ಕೂರುತ್ತಾಳೆ ಅನ್ನುವುದನ್ನು ನಿಮ್ಮ ಹೆಂಡತಿ ಕೇಳಿಯೇ ಇರುತ್ತಾರೆ. ಸೀಟಿನ ಹಿಂದಿರುವುದು ಸಾಮಾನಿಡುವ ಹಲಗೆ. ಅಲ್ಲಿ ಕೂರಿಸಬೇಡಿ, ಸೊಸೈಟಿ ಗೇಟಿನ ತನಕವೂ ಬೇಡ.

ಬ್ರೇಕಿನ ಒಂದು ಮಾತು ಬೇರೆಯಾಗಿ ಹೇಳಲೇಬೇಕು. ಆ ಕಾಲದ ಎಂಜಿಬಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್, ನಾಲ್ಕಕ್ಕೂ ಸೇರಿ ಒಂದೇ ಎಣ್ಣೆ ಸಾಲು. ಎಲ್ಲಾದರೂ ಒಂದು ಕಡೆ ರಬ್ಬರ್ ಸೀಳಿದರೆ ನಾಲ್ಕೂ ಹೋದ ಹಾಗೆ. ಎಕ್ಸ್‌ಪ್ರೆಸ್‌ವೇ ಆಗುವ ಮುಂಚೆ, ಹಳೆಯ ಖಂಡಾಳಾ ಘಾಟಿನಲ್ಲಿ, ಗಿರಾಕಿಯೊಬ್ಬರ ಇಂಥದೇ ಜಾತಿಯ ಎರಡು ಸೀಟಿನ ಗಾಡಿ ಇಳಿಸುತ್ತಿದ್ದೆ. ಪೆಡಲ್ ಮೆತ್ತಗಾಯಿತು, ಇನ್ನೊಂದು ಸಲ ಒತ್ತಿದೆ, ನೇರ ನೆಲಕ್ಕೆ ಹೋಗಿ ಕೂತಿತು. ಎರಡನೇ ಗೇರಿಗೆ ಎಳೆದು, ಕೈಬ್ರೇಕ್ ಹಿಡಿದು, ಗುಡ್ಡದ ಕಡೆಯ ಮೋರಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಹಿಂದಿನ ಚಕ್ರದ ಸಿಲಿಂಡರಿನ ರಬ್ಬರ್, ಕಾಸಿನದು. ಅದನ್ನು ಬದಲಿಸದೆ ಬಿಟ್ಟವನು ನಾನೇ, ಬೇರೆ ಯಾರನ್ನೂ ಬೈಯುವ ಹಾಗಿರಲಿಲ್ಲ.

‘ಯಾರು ಬೇಕಾದರೂ ರಿಪೇರಿ ಮಾಡ್ತಾರೆ’ ಅನ್ನುವುದರಲ್ಲಿ ಅರ್ಧ ನಿಜ ಇದೆ, ಆ ಅರ್ಧ ಚೆಂದದ್ದು. ಎಂಜಿಬಿಯ ಎಂಜಿನ್ ನಮ್ಮ ಅಂಬಾಸಡರ್ ಎಂಜಿನ್ನಿನ ಅಣ್ಣ. ಎರಡೂ ಬಿಎಂಸಿ ಎಂಬ ಇಂಗ್ಲಿಷ್ ಕಂಪನಿಯ ಬಿ-ಸೀರೀಸ್ ಎಂಬ ಒಂದೇ ಕುಲದ ಎಂಜಿನ್. ಅಂಬಾಸಡರಿನದು 1489 ಸಿಸಿ, ಇದು 1798. ಪಿಸ್ಟನ್ ಓಡಾಡುವ ಉದ್ದ ಎರಡರಲ್ಲೂ ಒಂದೇ, 88.9 ಮಿಲಿಮೀಟರ್, ಬೋರು, ಅಂದರೆ ಸಿಲಿಂಡರಿನ ಒಳಗಿನ ಅಗಲ, ಮಾತ್ರ ಇದರಲ್ಲಿ ದೊಡ್ಡದು. ಎಸ್‌ಯು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಅದಕ್ಕೆ ಒಂದು, ಇದಕ್ಕೆ ಎರಡು. ನಾನು ಹುಬ್ಬಳ್ಳಿಯಲ್ಲಿ ಕೆಲಸ ಕಲಿತ ಉಸ್ತಾದರು ಎಂಜಿ ಎಂಬ ಕಾರನ್ನು ಜನ್ಮದಲ್ಲಿ ಕಂಡವರಲ್ಲ. ಆದರೂ ಇದರ ಬಾನೆಟ್ ಎತ್ತಿ ಕೊಟ್ಟಿದ್ದರೆ ಬೀಡಿ ಮುಗಿಯುವುದರೊಳಗೆ ಟ್ಯಾಪೆಟ್ ಸೆಟ್ ಮಾಡಿಬಿಡುತ್ತಿದ್ದರು. ಸುಳ್ಳಾದ ಅರ್ಧ ಇದು: ಆ ಉಸ್ತಾದರು ಈಗಿಲ್ಲ. ಅವರ ಮಕ್ಕಳು ಸ್ಕ್ಯಾನರ್ ಹಚ್ಚಿ ಕೆಲಸ ಮಾಡುವವರು. ಸ್ಕ್ಯಾನರ್ ಚುಚ್ಚಲು ಇದರಲ್ಲಿ ತೂತೇ ಇಲ್ಲ. ಇನ್ನು ನಟ್‌ಗಳು ಇಂಚಿನವು. ಅರ್ಧ ಇಂಚಿನ ನಟ್‌ಗೆ 13ರ ಸ್ಪ್ಯಾನರ್ ಹೆಚ್ಚುಕಡಿಮೆ ಕೂರುತ್ತದೆ, ಆ ಹೆಚ್ಚುಕಡಿಮೆಯಲ್ಲೇ ಮೂಲೆ ಸವೆದು ನಟ್ ಗುಂಡಗಾಗುತ್ತದೆ. ಯಾವುದೇ ಹಳೆಯ ಇಂಗ್ಲಿಷ್ ಗಾಡಿ ಬಂದರೂ ನಾನು ಮೊದಲು ನೋಡುವುದು ನಟ್‌ಗಳ ಮೂಲೆ. ಗುಂಡಗಾಗಿದ್ದರೆ ಹಿಂದಿನವರು ಹೇಗೆ ಕೈಯಾಡಿಸಿದ್ದಾರೆ ಅಂತ ಅವೇ ಹೇಳುತ್ತವೆ. ಬಿಡಿಭಾಗಕ್ಕೆ ಮಾತ್ರ ಚಿಂತೆ ಬೇಡ. ಐದು ಲಕ್ಷಕ್ಕೂ ಮೀರಿ ತಯಾರಾದ ಕಾರಿದು, ಇಂಗ್ಲೆಂಡಿನಲ್ಲಿ ಒಂದು ಸ್ಕ್ರೂ ಬಿಡದೆ ಎಲ್ಲ ಸಿಗುತ್ತದೆ. 1988ರಿಂದ ಇಡೀ ಹೊಸ ಬಾಡಿಯನ್ನೇ ಮಾಡಿ ಮಾರುತ್ತಿದ್ದಾರೆ. ತರಿಸುವ ಕೊರಿಯರ್ ಮತ್ತು ಕಸ್ಟಮ್ಸ್ ಸುಂಕ ಕೆಲವೊಮ್ಮೆ ಸಾಮಾನಿನ ಬೆಲೆಯನ್ನೂ ಮೀರುತ್ತದೆ, ಅಷ್ಟೇ.

ಅಷ್ಟೊಂದು ತಯಾರಾಗಿದೆ ಅಂದ ಮೇಲೆ ಬಂಗಾರದ ಮಾತಿಗೂ ಉತ್ತರ ಸಿಕ್ಕ ಹಾಗಾಯಿತು. ನಮ್ಮಲ್ಲಿ ಅಪರೂಪ ಹೌದು, ಜಗತ್ತಿನಲ್ಲಿ ಅಲ್ಲ. ಬಂಗಾರಕ್ಕೆ ತುಕ್ಕು ಹಿಡಿಯುವುದೂ ಇಲ್ಲ.

ದಿನಾ ಹಿಂಜವಡಿಗೆ? ಚಾಂದಣಿ ಚೌಕದಿಂದ ವಾಕಡಿನ ತನಕ ಬೆಳಗಿನ ಒಂಬತ್ತು ಗಂಟೆಯನ್ನು ನೆನಪಿಸಿಕೊಳ್ಳಿ. 1966ರ ಎಂಜಿಬಿಯ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಗೇರಿನ ಹಲ್ಲುಗಳ ವೇಗ ತಾನೇ ಹೊಂದಿಸುವ ವ್ಯವಸ್ಥೆ, ಇಲ್ಲ. ಪೂರ್ತಿ ನಿಂತ ಮೇಲೆಯೇ ಹಾಕಬೇಕು, ತೆವಳುತ್ತ ಹಾಕಿದರೆ ಗರಗರ ಅಂತ ಹಲ್ಲು ಕಡಿಯುತ್ತದೆ. ನಮ್ಮ ಟ್ರಾಫಿಕ್ ನಿಲ್ಲುವುದೂ ಇಲ್ಲ, ಹೋಗುವುದೂ ಇಲ್ಲ. ಕಾರ್ಬುರೇಟರ್ ಮತ್ತು ಸೈಲೆನ್ಸರ್ ಪೈಪು ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ, ನಡುವೆ ಒಂದು ತಗಡಿನ ಮರೆ. ಮೇ ತಿಂಗಳಲ್ಲಿ ಹತ್ತು ನಿಮಿಷ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಪೆಟ್ರೋಲ್ ಕಾರ್ಬುರೇಟರಿನಲ್ಲೇ ಕುದ್ದು ಆವಿಯಾಗಿರುತ್ತದೆ, ಎಂಜಿನ್ ಕೆಮ್ಮುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಮಳೆಗಾಲದ ಸಂಜೆ ಹೆಡ್‌ಲೈಟ್, ವೈಪರ್ ಎರಡೂ ಹಾಕಿ ಕ್ಯೂದಲ್ಲಿ ನಿಂತರೆ ಡೈನಮೋ ಆ ವೇಗದಲ್ಲಿ ಚಾರ್ಜ್ ಮಾಡುವುದಿಲ್ಲ. ಮೀಟರಿನ ಕೆಂಪು ದೀಪ ಹತ್ತಿಕೊಂಡು ಬ್ಯಾಟರಿ ಸೋರುತ್ತ ಹೋಗುತ್ತದೆ. ಇವು ಯಾವುವೂ ಕೆಟ್ಟ ಕಾರಿನ ಲಕ್ಷಣಗಳಲ್ಲ. ಇಂಗ್ಲೆಂಡಿನ ಹಳ್ಳಿ ರಸ್ತೆಯ ತಂಪಿಗೆ ಮಾಡಿದ ಕಾರನ್ನು ಭೂಮಕರ್ ಚೌಕದಲ್ಲಿ ನಿಲ್ಲಿಸಿದರೆ ಅದೇನು ಮಾಡೀತು? ಸ್ವಿಫ್ಟಿಗೆ ಹತ್ತು ಸಾವಿರ ಕಿಲೋಮೀಟರಿಗೆ ಒಂದು ಸರ್ವೀಸ್. ಇದಕ್ಕೆ ಐದು ಸಾವಿರಕ್ಕೆ ಕೆಳಗೆ ಮಲಗಿ ಗ್ರೀಸ್ ಗನ್ ಹಿಡಿಯಬೇಕು. ಮೈಲೇಜು ಲೀಟರಿಗೆ ಎಂಟು, ಒಂಬತ್ತು. ಸ್ವಿಫ್ಟಿನ ಕಂಪನಿ ಹೇಳುವ 24.8 ಪುಣೆಯಲ್ಲಿ ಬರುವುದಿಲ್ಲ, ಆದರೂ ಎರಡು ಪಟ್ಟು ಮೇಲೆ ಖಂಡಿತ.

ಪೆಟ್ರೋಲ್ ಅಂದಾಗ ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್, ಬರುತ್ತದೆ. ಎಥನಾಲ್ ಹಾಕಿದ ಮರುದಿನವೇ ಎಂಜಿನ್ ಸೀಜ್ ಅನ್ನುವ ವಾಟ್ಸಾಪ್ ಮಾತು ನಂಬಬೇಡಿ. ತೊಂದರೆ ನಿಧಾನದ್ದು. ಹಳೆಯ ರಬ್ಬರ್ ಪೈಪು, ಪಂಪಿನ ಪರದೆ, ಫ್ಲೋಟ್ ವಾಲ್ವಿನ ತುದಿ ಮೆತ್ತಗಾಗಿ ಸೋರತೊಡಗುತ್ತವೆ, ಬಿಸಿ ಎಂಜಿನ್ ಮೇಲೆ ಸೋರಿದರೆ ಬೆಂಕಿ. ಎಥನಾಲ್ ಗಾಳಿಯ ತೇವ ಹೀರುತ್ತದೆ, ನಿಂತ ಗಾಡಿಯ ಟ್ಯಾಂಕಿಗೆ ಒಳಗಿನಿಂದ ತುಕ್ಕು. ಪೆಟ್ರೋಲಿಗೆ ಹೋಲಿಸಿದರೆ ಅದರಲ್ಲಿ ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಉರಿಯಲು ಬೇಕಾಗುವ ಗಾಳಿಯೂ ಕಡಿಮೆ. ಹಾಗಾಗಿ ಹಳೆಯ ಸೆಟ್ಟಿಂಗಿನಲ್ಲಿ ಎಂಜಿನ್ ಹಸಿದುಕೊಂಡೇ ಓಡುತ್ತದೆ, ಬಿಸಿಯಾಗುತ್ತದೆ. ಪೈಪು, ಸೀಲುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಪೆಟ್ರೋಲ್ ತುಸು ಹೆಚ್ಚು ಹೋಗುವ ಹಾಗೆ ಕಾರ್ಬುರೇಟರಿನ ಜೆಟ್ ಇಳಿಸಿ, ಅಗತ್ಯ ಬಿದ್ದರೆ ಸೂಜಿ ಬದಲಿಸಿದರೆ ಇದು ಸರಿಹೋಗುವ ವಿಷಯ.

ಗುಜರಿಯ ಭಯ ಬಿಡಿ. ಪೆಟ್ರೋಲಿಗೆ 15 ವರ್ಷ ಅನ್ನುವ ತಡೆ ದೆಹಲಿಯ ಸುತ್ತಲಿನ ಪ್ರದೇಶದ್ದು. ಮಹಾರಾಷ್ಟ್ರದಲ್ಲಿ ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. ನಿಮ್ಮ ಗೆಳೆಯರು ಹೇಳದ ಕಷ್ಟ ಬೇರೆ ಇದೆ: ಆಮದಾದ ಕಾರಿಗೆ ಈ ಶುಲ್ಕ 2022ರಲ್ಲಿ 40,000 ರೂಪಾಯಿ ಆಯಿತು, 2025ರ ಆಗಸ್ಟಿನ ನಿಯಮದಲ್ಲಿ 20 ವರ್ಷ ಮೀರಿದವಕ್ಕೆ 80,000. ಹನ್ನೊಂದು ವರ್ಷ ನಿಂತ ಗಾಡಿಯ ಆರ್‌ಸಿ ಯಾವಾಗ ಮುಗಿದಿದೆ ನೋಡಿ. ತಡವಾದದ್ದಕ್ಕೆ ದಂಡ ಬೇರೆ.

ಇನ್ನೊಂದು ದಾರಿ 2021ರಲ್ಲಿ ಬಂದ ವಿಂಟೇಜ್ ನೋಂದಣಿ. ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ನೋಂದಾಯಿಸಲು 20,000, ಹತ್ತು ವರ್ಷದ ತನಕ ನಡೆಯುತ್ತದೆ. ನಂಬರಿನಲ್ಲಿ ರಾಜ್ಯದ ಅಕ್ಷರ ಆದ ಮೇಲೆ ವಿಎ ಅಂತ ಬರುತ್ತದೆ. ಕೇಳಲು ಚೆಂದ. ಆದರೆ ಆ ನಂಬರ್ ಹಾಕಿದ ಗಾಡಿಯನ್ನು ರಸ್ತೆಗಿಳಿಸಬಹುದಾದದ್ದು ರ್‍ಯಾಲಿಗೆ, ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲ್ ಹಾಕಿಸಲಿಕ್ಕೆ, ರಿಪೇರಿಗೆ ಮಾತ್ರ. ದೀಪಾವಳಿಗೆ ನಿಪ್ಪಾಣಿ, ಬೆಳಗಾವಿ ದಾಟಿ ಗದಗಿಗೆ ಹೋಗಲು ಅದು ಪರವಾನಗಿ ಅಲ್ಲ. ದಿನನಿತ್ಯದ ಕಾರಾಗಬೇಕಿದ್ದರೆ 80,000ದ ದಾರಿ, ಭಾನುವಾರದ ಗೆಳೆಯನಾಗಬೇಕಿದ್ದರೆ 20,000ದ ದಾರಿ. ಈ ನಿಯಮವನ್ನು ನಾನು ಬೈಯುವುದಿಲ್ಲ. ಎರಡು ಬಾಟಲಿ ಉಪ್ಪಿನಕಾಯಿ ತರಲು ಹಳೇ ಗಾಡಿ ತೆಗೆಯುವವರನ್ನು ಕಂಡಿದ್ದೇನೆ.

ಈಗ 2005. ಆ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಬಿದ್ದದ್ದು 944 ಮಿಲಿಮೀಟರ್. ತಗ್ಗಿನ ಬಡಾವಣೆಗಳಲ್ಲಿ ಕಾರಿನೊಳಗೆ ಬಂದದ್ದು ಬರೀ ಮಳೆನೀರಲ್ಲ. ಗಟಾರದ ಕೆಸರು, ಸಮುದ್ರದ ಭರತದ ಉಪ್ಪು ಎಲ್ಲ ಸೇರಿದ್ದು. ‘ಆಮೇಲೂ ಚೆನ್ನಾಗಿಯೇ ಓಡಿದೆ’ ಅಂದರೆ ಎಂಜಿನ್ ಓಡಿದೆ. ಎಂಜಿನ್ ದಪ್ಪ ಕಬ್ಬಿಣ, ಒಳಗೆಲ್ಲ ಎಣ್ಣೆ, ಅದು ಅಷ್ಟು ಸುಲಭಕ್ಕೆ ಹಾಳಾಗುವುದಿಲ್ಲ. ಎಂಜಿಬಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಗಿಲ ಕೆಳಗೆ ಹೊಸ್ತಿಲಿನ ಹಾಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗವನ್ನು ಸಿಲ್ ಅನ್ನುತ್ತಾರೆ: ಹೊರಗೊಂದು ತಗಡು, ಒಳಗೊಂದು, ನಡುವೆ ಪರದೆಯಂತೆ ಇನ್ನೊಂದು. ಛಾವಣಿ ಇಲ್ಲದ ಕಾರಿನಲ್ಲಿ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಈ ಎರಡು ಹೊಸ್ತಿಲುಗಳೇ. ಅದರೊಳಗೆ ಕೂತ ಕೆಸರನ್ನು ಯಾರೂ ತೊಳೆಯಲಿಲ್ಲ ಅಂದರೆ ಇಪ್ಪತ್ತು ವರ್ಷದಿಂದ ಒಳಗಿನಿಂದ ತಿನ್ನುತ್ತಲೇ ಬಂದಿದೆ. ಹೊರಗೆ ಬಣ್ಣ ಮಿರಿಮಿರಿ ಮಿನುಗುತ್ತಿರಬಹುದು.

ಕೆಲವು ವರ್ಷದ ಹಿಂದೆ ಇದೇ ಮಾದರಿಯ ಗಾಡಿ ಕೊಂಡವರೊಬ್ಬರು ನೇರ ನನ್ನ ಶೆಡ್ಡಿಗೆ ತಂದರು. ಬಣ್ಣ ನೋಡಿದರೆ ನಿನ್ನೆ ಕಾರ್ಖಾನೆಯಿಂದ ಬಂದ ಹಾಗಿತ್ತು. ಬಾಗಿಲ ಸಂದಿಯಲ್ಲಿ ರೂಪಾಯಿ ನಾಣ್ಯ ಬಿಗಿಯಾಗಿ ಕೂರುತ್ತಿತ್ತು, ಅವರು ಅದನ್ನೇ ತೋರಿಸಿ ಹೆಮ್ಮೆಪಟ್ಟರು. ನಾನು ಬಾಗಿಲು ಹಾಕಿ, ಸಿಲ್ ನಡುವಿನ ಜಾಕ್ ಜಾಗಕ್ಕೆ ಜಾಕ್ ಇಟ್ಟು ಮೆಲ್ಲಗೆ ಎತ್ತಿದೆ. ಚಕ್ರ ಇನ್ನೂ ನೆಲ ಬಿಟ್ಟಿರಲಿಲ್ಲ. ಬಾಗಿಲ ಮೇಲಿನ ಸಂದಿ ಅಗಲವಾಗುತ್ತ ಬಂತು, ನಾಣ್ಯ ಟಣ್ ಅಂತ ಕೆಳಗೆ ಬಿತ್ತು. ಇನ್ನೆರಡು ಸಲ ಹ್ಯಾಂಡಲ್ ತಿರುಗಿಸಿದೆ, ನನ್ನ ಕಿರುಬೆರಳು ಹೋಗುವಷ್ಟಾಯಿತು. ಸಿಲ್ಲಿನ ಬಣ್ಣ ಬಿರಿದು ಜೋಳದ ರೊಟ್ಟಿ ದಪ್ಪದ ಪುಟ್ಟಿ ಕಳಚಿತು, ಹಿಂದೆ ತಗಡೇ ಇರಲಿಲ್ಲ. ಅವರು ಬಾಗಿಲು ತೆಗೆದರು. ಮತ್ತೆ ಹಾಕಲು ಆಗಲಿಲ್ಲ. ಆ ಮನುಷ್ಯ ತುಂಬಾ ಹೊತ್ತು ಬಾಗಿಲು ಹಿಡಿದುಕೊಂಡೇ ನಿಂತಿದ್ದರು, ಕೈಬಿಟ್ಟರೆ ಕಾರು ಬಿದ್ದುಹೋಗುತ್ತದೇನೋ ಅನ್ನುವ ಹಾಗೆ.

ನೀವೂ ಇದನ್ನೇ ಮಾಡಿ. ಒಂದು ಭಾನುವಾರ ವಡಾಲಾಗೆ ಜಾಕ್, ಟಾರ್ಚ್, ಬಟ್ಟೆ ಸುತ್ತಿದ ಒಂದು ಅಯಸ್ಕಾಂತ ತಗೊಂಡು ಹೋಗಿ. ಚಕ್ರಕ್ಕೆ ಕಲ್ಲು ಕೊಟ್ಟು ಎತ್ತಿ, ಕೆಳಗೆ ತೂರಬೇಡಿ. ಸಂದಿ ಕದಲದಿದ್ದರೆ, ಸಿಲ್ ಉದ್ದಕ್ಕೂ ಅಯಸ್ಕಾಂತ ಕಚ್ಚಿದರೆ, ಕಾಲಿಡುವಲ್ಲಿನ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಠಣ್ ಅಂದರೆ ಅದು ದೊಡ್ಡ ಅದೃಷ್ಟ. ಸೀಟಿನ ಹಿಂದೆ, ಹಲಗೆಯ ಕೆಳಗೆ ಬ್ಯಾಟರಿಯ ಎರಡು ಗೂಡುಗಳಿವೆ, ಅವನ್ನೂ ನೋಡಿ. ಎಂಜಿನ್ ಮೇಲಿನ ತಗಡಿನಲ್ಲಿ 18ಜಿಬಿ ಅಂತಲೂ, ಚಾಸಿ ನಂಬರಿನಲ್ಲಿ ಜಿಎಚ್‌ಎನ್3 ಅಂತಲೂ ಇದ್ದು ಅವೆರಡೂ ಆರ್‌ಸಿಗೆ ಹೊಂದಬೇಕು. ವಿದೇಶಿಯವರಿಂದ ಕೈ ಬದಲಾದಾಗಿನ ಕಸ್ಟಮ್ಸ್ ಕಾಗದ, ಹಳೆಯ ರಸೀದಿ ಏನಿದ್ದರೂ ಮಾವನ ಕಪಾಟಿನಿಂದ ಈಗಲೇ ಹೊರಗೆ ತೆಗೆಸಿ. ಅವರಿಗೆ 78 ಅಂದಿರಿ. ಸಹಿಗೂ ನೆನಪಿಗೂ ಇದೇ ಸಮಯ.

ನನ್ನನ್ನು ಕೇಳಿದರೆ ಪಾರ್ಕಿಂಗ್ ಸ್ವಿಫ್ಟಿಗೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಒಂಬತ್ತು ಲಕ್ಷದೊಳಗೆ ಒಳ್ಳೆಯ ಮಾದರಿಯೇ ಬಂದು ಸ್ವಲ್ಪ ಉಳಿಯುತ್ತದೆ. ಅದರಲ್ಲಿ ಕೊರತೆ ಇಲ್ಲ ಅಂತಲ್ಲ: ಮೂರು ಸಿಲಿಂಡರಿನ ನಡುಕ ನಿಂತಾಗ ಸೀಟಿಗೆ ತಾಗುತ್ತದೆ, ಊರಿಗೆ ಹೊರಟಾಗ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸಿನ ಮೇಲೆ ಅಕ್ಕಿ ಚೀಲ ಹಿಡಿಯುವುದಿಲ್ಲ, ಸ್ಟೀರಿಂಗ್ ರಸ್ತೆಯ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಮಗಳನ್ನು ಮಳೆಯಲ್ಲಿ ಶಾಲೆಯಿಂದ ಕರೆತರುತ್ತದೆ.

ಸಿಲ್ ಗಟ್ಟಿ ಇದ್ದರೆ ಎಂಜಿಯನ್ನು ಮಾವನ ಕಣ್ಣೆದುರೇ ವಡಾಲಾದಲ್ಲಿ ಬಿಟ್ಟು, ಮೊದಲು ಬ್ರೇಕ್, ಆಮೇಲೆ ಪೆಟ್ರೋಲ್ ಸಾಲು, ಆಮೇಲೆ ಟೈರ್, ಹೀಗೆ ಬಿಡಿಬಿಡಿಯಾಗಿ ಮಾಡಿಸಿ. ಬಣ್ಣ ಮುಟ್ಟಬೇಡಿ, ಹಳೇ ಬಣ್ಣದ ಗೀರು ಇರಲಿ. ಇಲ್ಲಿರುವ ಅಪಾಯ ಗಾಡಿಯದಲ್ಲ, ನಿಮ್ಮದು: ಎರಡು ತಿಂಗಳ ಉತ್ಸಾಹ ಇಳಿದ ಮೇಲೆ ಮತ್ತೆ ಹೊದಿಕೆ. ಸಿಲ್ ಹೋಗಿದ್ದರೆ ಲೆಕ್ಕ ಬದಲು. ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣದ ಆಸರೆ ಬೆಸೆದು, ಕತ್ತರಿಸಿ, ಮೂರೂ ತಗಡು ಹೊಸದು ಹಾಕಬೇಕು; ಆಸರೆ ಇಲ್ಲದೆ ಕತ್ತರಿಸಿದರೆ ಕಾರು ಬಾಳೆಹಣ್ಣಿನ ಹಾಗೆ ಬಾಗಿ ಕೂರುತ್ತದೆ. ಯಾರಾದರೂ ಹೇಳುವ ಖರ್ಚನ್ನು ನಾನು ಯಾವಾಗಲೂ ಎರಡರಿಂದ ಗುಣಿಸುತ್ತೇನೆ, ಸಮಯವನ್ನು ಮೂರರಿಂದ. ಸಾಲ ಮಾಡಿ ಈ ಕೆಲಸಕ್ಕೆ ಇಳಿಯಬೇಡಿ.

ಆಗ ಮಾರುವುದೇ ಸರಿ, ಅದರಲ್ಲಿ ನಾಚಿಕೆ ಇಲ್ಲ. ದಲ್ಲಾಳಿಗಿಂತ, ಮುಂಬೈಯಲ್ಲಿ ಹಳೇ ಕಾರು ಇಟ್ಟುಕೊಂಡು ತಾವೇ ಓಡಿಸುವವರ ಕೈಗೆ ಕೊಡಿ. ತುಕ್ಕಿನ ಫೋಟೋ ಮೊದಲೇ ತೋರಿಸಿ. ಮುಚ್ಚಿಟ್ಟದ್ದು ಜಾಕ್ ಇಟ್ಟ ದಿನ ಹೊರಬರುತ್ತದೆ. ಹೆಸರು ವರ್ಗ ಆಗುವ ತನಕ ಕೀಲಿ ಕೊಡಬೇಡಿ, ನಾಳೆ ಏನಾದರೂ ಆದರೆ ಪೊಲೀಸರು ಬರುವುದು ಆರ್‌ಸಿಯಲ್ಲಿರುವ ಹೆಸರಿಗೆ. ‘ಹೊಸ ಎಂಜಿನ್ ಕೂರಿಸಿ ಏಸಿ ಹಾಕಿ ಕೊಡ್ತೀನಿ, ದಿನಾ ಓಡಿಸಿ’ ಅನ್ನುವವರು ಖಂಡಿತ ಸಿಗುತ್ತಾರೆ. ಬೇಡ. ಗಾಡಿಯ ಮೂಲ ವಿವರ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ, ಮೂಲ ರೂಪ ಕಳೆದರೆ ವಿಂಟೇಜ್ ನೋಂದಣಿಯೂ ಸಿಗುವುದಿಲ್ಲ. ಬರೀ ಛಾವಣಿ ಇಲ್ಲದ ಖುಷಿಯೇ ಬೇಕಿದ್ದರೆ ಗೋವಾದಲ್ಲಿ ತಯಾರಾಗುತ್ತಿದ್ದ ಸ್ಯಾನ್ ಸ್ಟಾರ್ಮ್ ಎಲ್ಲಾದರೂ ಸಿಗುತ್ತದೋ ಹುಡುಕಿ. ಫೈಬರ್ ಬಾಡಿ, ರೆನೋದ 1149 ಸಿಸಿ ಎಂಜಿನ್. ಆ ಬಾಡಿಯಲ್ಲಿ ತುಕ್ಕು ಅನ್ನುವುದೇ ಇಲ್ಲ. ಮಾವನ ನೆನಪೂ ಇಲ್ಲ, ಅದು ಬೇರೆ.

ಕೊನೆಗೆ ಒಂದು, ಭಾನುವಾರದ ತನಕ ಕಾಯದೆ ಇವತ್ತೇ ಫೋನ್ ಮಾಡಿ ಹೇಳಬೇಕಾದದ್ದು. ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬೇಡಿ ಅಂತ ಮಾವನಿಗೆ ಹೇಳಿ. 1966ರ ಎಂಜಿಬಿಯಲ್ಲಿ ಕಾರಿನ ಮೈ ಲೋಹಕ್ಕೆ ಸೇರುವುದು ಬ್ಯಾಟರಿಯ ಪಾಸಿಟಿವ್ ತಂತಿ, ಈಗಿನ ಕಾರುಗಳಿಗೆ ಉಲ್ಟಾ. ಅಂಗಡಿ ಹುಡುಗ ಅಭ್ಯಾಸಬಲದಿಂದ ತಿರುಗಿಸಿ ಕೂರಿಸಿಬಿಡುತ್ತಾನೆ. ಅದಿರಲಿ, ಹನ್ನೊಂದು ವರ್ಷದ ಪೆಟ್ರೋಲ್ ಅಂಟಾಗಿರುತ್ತದೆ, ಸಿಲಿಂಡರಿನ ಗೋಡೆ ಒಣಗಿರುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಒಂದೊಂದು ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಎರಡು ದಿನ ಹಾಗೇ ಬಿಡಲಿ. ಆಮೇಲೆ ಗಾಡಿಯನ್ನು ನಾಲ್ಕನೇ ಗೇರಿಗೆ ಹಾಕಿ ಇಬ್ಬರು ಮೆಲ್ಲಗೆ ಹಿಂದೆಮುಂದೆ ನೂಕಿ ನೋಡಿ, ಎಂಜಿನ್ ತಿರುಗುತ್ತದೋ ಅಂತ. ತಿರುಗಿದರೆ ನನಗೆ ಬರೆಯಿರಿ, ಜೊತೆಗೆ ಬಾಗಿಲ ಸಂದಿಯ ಎರಡು ಫೋಟೋ ಕಳಿಸಿ: ಜಾಕ್ ಎತ್ತುವ ಮುಂಚಿನದೊಂದು, ಎತ್ತಿದ ಮೇಲಿನದೊಂದು.